ಸ್ನಾನದ ಹಗ್ಗ

ಹೆಂಗಸರ ವಾರ್ಡಿಗೆ ಹೊರಗಿನಿಂದ ಬೀಗ ಹಾಕಿ, ಕೀಲಿಯನ್ನು ಕೈಚೀಲಕ್ಕೆ ಹಾಕಿಕೊಂಡು, ದೊಡ್ಡ ನರ್ಸು ಜೀಪು ಹತ್ತಿ ಹೋದಳು. ಒಳಗೆ ಹನ್ನೊಂದು ಮಂದಿ ರೋಗಿಗಳಿದ್ದರು, ನಾನಿದ್ದೆ. ನದಿ ಏರುತ್ತಿದೆಯೆಂದು ಅವಳಿಗೆ ಗೊತ್ತಿತ್ತು.

ಚಪ್ಪಲಿಯೊಂದು ತೇಲಿ ಬರುತ್ತಿದೆ, ನೀಲಿ ಪಟ್ಟಿಯದು, ಸರಳಿನ ಬಾಗಿಲಿಗೆ ಒಮ್ಮೆ ತಾಗಿ ಹಿಂದೆ ಸರಿದು, ಮತ್ತೆ ಬಂದು, ಪಕ್ಕಕ್ಕೆ ವಾಲಿ ಒಳಗೆ ನುಸುಳುತ್ತದೆ, ಚಪ್ಪಲಿಗೆ ಕೀಲಿ ಬೇಕಿಲ್ಲ, ನೀರಿಗೂ ಬೇಕಿಲ್ಲ, ಬೇಕಾದದ್ದು ನಮಗೆ ಮಾತ್ರ — ಯಾರದಿರಬಹುದು, ಗಂಡಸರ ವಾರ್ಡಿನ ಕಾವಲಿನವನದೇ, ಅವನೂ ಹೋದ, ಗಂಡಸರನ್ನೆಲ್ಲ ಬೆಳಿಗ್ಗೆಯೇ ಲಾರಿಗೆ ತುಂಬಿದರು, ಲಾರಿ ಮತ್ತೆ ಬರುತ್ತೆ, ನಿಮ್ಮವರು ಆಮೇಲೆ, ಗಲಾಟೆ ಆಗೋದು ಬೇಡ, ಬೀಗ ಇರಲಿ, ನೀನಿದ್ದೀಯಲ್ಲ ಒಳಗೆ, ಅಂದಳು ದೊಡ್ಡ ನರ್ಸು, ನೀನಿದ್ದೀಯಲ್ಲ ಎಂದು ನನ್ನ ಭುಜ ಮುಟ್ಟಿದಳು, ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು, ನನಗೆ ಹೆದರಿಕೆ ಆಗಬೇಕಾಗಿದ್ದದ್ದು ಆಗಲೇ. ಒಳಗಿರುವ ಆಯಾಳ ಕೈಗೆ ಕೀಲಿ ಕೊಡುವ ಪದ್ಧತಿ ಇಲ್ಲಿಲ್ಲ, ರೋಗಿಗಳು ಕಿತ್ತುಕೊಂಡು ಓಡುತ್ತಾರಂತೆ, ಹಾಗಾಗಿ ಬೀಗ ಬಿದ್ದ ಮೇಲೆ ನಾನೂ ಒಬ್ಬಳು ರೋಗಿಯೇ, ಸಂಬಳ ತಗೊಳ್ಳುವ ಹುಚ್ಚಿ, ನಾದಿನಿ ಆಡಿಕೊಳ್ಳುವುದೂ ಅದನ್ನೇ, ಅತ್ತಿಗೆ, ಅವರ ಮಧ್ಯೆ ಇದ್ದು ಇದ್ದು ನಿಮಗೂ ಸ್ವಲ್ಪ ಹತ್ಕೊಂಡಿದೆ ಬಿಡಿ, ಹೂಂ ಕಣೆ ಹತ್ಕೊಂಡಿದೆ, ಅಲ್ಲಿ ಕಮ್ಮಿ ಇರುತ್ತೆ, ಮನೆಗೆ ಬಂದು ನಿಮ್ಮ ಮುಖ ನೋಡಿದ್ರೆ ಜಾಸ್ತಿ ಆಗುತ್ತೆ — ಅವಳು ಈಗ ಒಣಗಿದ ನೆಲದ ಮೇಲೆ ನಿಂತಿರುತ್ತಾಳೆ, ನಮ್ಮ ಮನೆ ದಿಬ್ಬದ ಮೇಲಿದೆ, ಅಲ್ಲಿಗೆ ನೀರು ಬರಲಿಕ್ಕಿಲ್ಲ, ಮಗಳು ಬಾಗಿಲಲ್ಲೇ ಕೂತಿರುತ್ತಾಳೆ, ನಾನು ಬರುವ ತನಕ ಚಿಲಕ ಹಾಕಲು ಬಿಡುವುದಿಲ್ಲ ಅವಳು, ಯೋಚಿಸಬಾರದು, ಮಗಳನ್ನು ಈಗ ಯೋಚಿಸಬಾರದು, ಚಪ್ಪಲಿ ನನ್ನ ಮೊಣಕಾಲಿಗೆ ಬಂದು ತಾಗಿದೆ, ಅಂದರೆ ನೀರು ಮೊಣಕಾಲಿಗೆ ಬಂದಿದೆ.

ನೀರು ಬಾಗಿಲಿನಿಂದ ಬರುತ್ತದೆಂದು ನಾನು ಕಂಬಳಿಗಳನ್ನೆಲ್ಲ ಸುರುಳಿ ಸುತ್ತಿ ಬಾಗಿಲ ಬುಡಕ್ಕೆ ತುರುಕಿದ್ದೆ, ಆದರೆ ಅದು ಬಂದದ್ದು ಬಚ್ಚಲಿನಿಂದ, ಹಿಂದಿನಿಂದ, ಕಳ್ಳನ ಹಾಗೆ — ಮೊದಲು ಜಿರಲೆಗಳು ಬಂದವು, ಮೋರಿಯ ಬಾಯಿಂದ ಒಂದರ ಮೇಲೊಂದು ಹತ್ತಿ ಗೋಡೆಯೇ ಕಂದು ಬಣ್ಣಕ್ಕೆ ತಿರುಗಿತು, ಗೋಡೆ ಹರಿದಾಡ್ತಾ ಇದೆ ಅಕ್ಕಾ ಅಂದಳು ಗಿಣಿ ಎಂದು ನಾವು ಕರೆಯುವ ರೋಗಿ, ಗಿಣಿಗೆ ದಿನವೂ ಏನಾದರೂ ಹರಿದಾಡುತ್ತದೆ, ಸುಮ್ನಿರೆ ಅಂದೆ, ತಿರುಗಿ ನೋಡಿದರೆ ನಿಜವಾಗಿಯೂ ಹರಿದಾಡುತ್ತಿತ್ತು, ಜನ್ಮದಲ್ಲಿ ಒಮ್ಮೆ ಅವಳು ಕಂಡದ್ದು ನನಗೂ ಕಂಡಿತು, ಅವಳಿಗೆ ಅದೆಷ್ಟು ಸಂತೋಷ, ಕಂಡಿತಾ, ಕಂಡಿತಾ ನಿಂಗೆ ಎಂದು ನನ್ನ ಸೆರಗು ಜಗ್ಗುತ್ತಿದ್ದಳು — ಆಮೇಲೆ ನೆಲದಡಿಯಲ್ಲಿ ಯಾರೋ ಬಾಯಿ ಮುಕ್ಕಳಿಸುತ್ತಿರುವಂಥ ಸದ್ದು, ಗುಳುಗುಳು, ಮೋರಿಯ ತೂತಿನ ಮುಚ್ಚಳ ಎದ್ದು ಕುಣಿಯಿತು, ಕಪ್ಪು ನೀರು ಹೊಸ್ತಿಲು ದಾಟಿ ವಾರ್ಡಿಗೆ ಬಂತು, ಅವಸರವಿಲ್ಲದೆ, ಮನೆ ನೋಡಲು ಬಂದ ಬಾಡಿಗೆಯವರ ಹಾಗೆ ಮೂಲೆ ಮೂಲೆ ನೋಡಿಕೊಂಡು. ನನಗೆ ಈಜು ಬರುವುದಿಲ್ಲ. ಚಿಕ್ಕವಳಿದ್ದಾಗ ಕಲ್ಲುಗಣಿಯ ಹೊಂಡದಲ್ಲಿ ಜಾರಿದ್ದೆ, ಅಪ್ಪ ಅಮ್ಮ ಅಲ್ಲೇ ಕಲ್ಲು ಒಡೆಯುತ್ತಿದ್ದರು, ಮೂಗಿನಿಂದ ನೀರು ಹೋದರೆ ತಲೆಯೊಳಗೆ ಬೆಂಕಿ ಹತ್ತಿದ ಹಾಗೆ ಉರಿಯುತ್ತದೆ, ಹಸಿರು, ಎಲ್ಲ ಹಸಿರು, ಆಮೇಲೆ ಕಪ್ಪು, ಅಮ್ಮ ಜುಟ್ಟು ಹಿಡಿದು ಎಳೆದು ಹಾಕಿ, ನಾನು ಉಸಿರಾಡುವ ಮೊದಲೇ ಕೆನ್ನೆಗೆ ಬಾರಿಸಿದಳು, ಸಾಯ್ತಿದ್ದೆಯಲ್ಲೇ ಮುಂಡೇದೇ ಎಂದು ಅತ್ತಳು — ಇವತ್ತಿಗೂ ಬಕೆಟ್ಟಿನ ನೀರು ಮುಖಕ್ಕೆ ಸುರಿದುಕೊಳ್ಳುವಾಗ ಕಣ್ಣು ಮುಚ್ಚಲಾರೆ ನಾನು. ಆದರೆ ಮುಖದಲ್ಲಿ ತೋರಿಸಬಾರದು, ಹವೆ ಹೇಗಿದೆ ಎಂದು ಇವರು ನೋಡುವುದು ಆಕಾಶದಲ್ಲಲ್ಲ, ನನ್ನ ಮುಖದಲ್ಲಿ, ನಾನು ಹೆದರಿದರೆ ಹನ್ನೊಂದು ಮಂದಿಯೂ ಹೆದರುತ್ತಾರೆ, ಹೆದರಿದರೆ ಕಿರುಚುತ್ತಾರೆ, ಕಿರುಚುತ್ತ ಓಡುತ್ತಾರೆ, ಓಡಲು ಎಲ್ಲಿದೆ ಜಾಗ, ಹಾಗಾಗಿ ನಕ್ಕೆ, ಹಲ್ಲು ಕಟಕಟಿಸುವುದು ಕೇಳದ ಹಾಗೆ ಜೋರಾಗಿ ನಕ್ಕೆ, ಬನ್ನಿ ಬನ್ನಿ, ಮಂಚ ಎಳೆಯೋಣ, ಇವತ್ತು ಮನೆ ಬದಲಾಯಿಸ್ತೀವಿ.

ಮಂಚದ ಮೇಲೆ ಮಂಚ ಏರಿಸಿದೆವು, ಆ ತುದಿಯ ಗೋಡೆಗೆ, ಅಲ್ಲಿ ನೆಲ ತುಸು ಎತ್ತರ, ಕಬ್ಬಿಣದ ಮಂಚಗಳು, ಒಂದೊಂದೂ ಎಮ್ಮೆಯಷ್ಟು ಭಾರ, ಟೀಚರಮ್ಮ ನನ್ನ ಜೊತೆ ಹೆಗಲು ಕೊಟ್ಟಳು, ಹಿಂದೆ ನಿಜವಾಗಿಯೂ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು, ಗಂಡನ ಮನೆಯವರು ತಂದು ಬಿಟ್ಟು ಹೋದ ಮೇಲೆ ಇಲ್ಲಿಯ ಗೋಡೆಗಳಿಗೆ ಪಾಠ ಹೇಳುತ್ತಾಳೆ, ಸಾಲು ನೆಟ್ಟಗಿರಲಿ, ಆ ಮಂಚ ಓರೆ ಇದೆ, ತೆಗೆದು ಮತ್ತೆ ಇಡಿ ಅಂದಳು, ಟೀಚರಮ್ಮಾ ನೀರು ಬರ್ತಾ ಇದೆ, ಬರಲಿ, ನೀರು ಬಂದ್ರೆ ಸಾಲು ತಪ್ಪಬಹುದು ಅಂತ ಎಲ್ಲಿ ಬರೆದಿದೆ, ಅಂದಳು, ನಾನು ತೆಗೆದು ಮತ್ತೆ ಇಟ್ಟೆ, ಏನು ಮಾಡಲಿ, ಅವಳೂ ಹೆಗಲು ಕೊಡಬೇಕಲ್ಲ. ಮಂಚದ ಅಜ್ಜಿಯನ್ನು ಹೊದಿಕೆಯಲ್ಲಿ ಜೋಲಿ ಕಟ್ಟಿ ಎತ್ತಿ ಎಲ್ಲಕ್ಕಿಂತ ಮೇಲೆ ಕೂರಿಸಿದೆವು, ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ ಅವಳಿಗೆ, ಬಾಯಿ ಮಾತ್ರ ಪೂರ್ತಿ ಸ್ವಾಧೀನದಲ್ಲಿದೆ, ನನ್ ಮದುವೇಲೂ ಇಷ್ಟು ಎತ್ತರ ಕೂರಿಸಿರಲಿಲ್ಲ ಕಣೇ ಅಂದಳು. ಉಳಿದವರು ಬಚ್ಚಲ ಕಡೆಯ ಮೂಲೆಯಲ್ಲಿ ಮುದ್ದೆಯಾಗಿ ನಿಂತಿದ್ದರು, ನಿಂತ ಜಾಗದಿಂದ ಕಾಲು ಕೀಳಲು ಒಲ್ಲರು, ಕರೆದರೆ ಬಾರರು, ಒಬ್ಬೊಬ್ಬಳನ್ನೇ ಎಳೆದು ತರುವಷ್ಟು ಹೊತ್ತಿಲ್ಲ, ನೀರು ತೊಡೆಗೆ ಬಂತು — ಆಗ ಗೋಡೆಯ ಮೊಳೆಗೆ ನೇತುಹಾಕಿದ್ದ ಸ್ನಾನದ ಹಗ್ಗ ಕಂಡಿತು ನನಗೆ. ಹಳೆಯ ಹೊದಿಕೆಗಳನ್ನು ಹರಿದು ನಾನೇ ಹೆಣೆದದ್ದು, ಮೊಳಕ್ಕೊಂದು ಗಂಟು, ಒಬ್ಬೊಬ್ಬಳಿಗೆ ಒಂದು ಗಂಟು, ಅವರವರ ಗಂಟು ಅವರವರಿಗೆ ಗೊತ್ತು, ಇನ್ನೊಬ್ಬಳ ಗಂಟು ಮುಟ್ಟಿದರೆ ಜಗಳವೇ, ಮೊದಲೆಲ್ಲ ಇವರನ್ನು ದನಗಳ ಹಾಗೆ ಬೆನ್ನಿಗೆ ಕೋಲು ತಿವಿದು ಸ್ನಾನಕ್ಕೆ ಅಟ್ಟುತ್ತಿದ್ದರು, ಹಗ್ಗ ಬಂದ ಮೇಲೆ ಕೋಲು ಬೇಕಾಗಲಿಲ್ಲ, ಹಗ್ಗ ತೋರಿಸಿದರೆ ಸಾಕು, ಬಂದು ಹಿಡಿದುಕೊಂಡು ನಡೆಯುತ್ತಾರೆ. ಹಗ್ಗ ತೆಗೆದೆ. ಹಿಡಿದರು. ನಡೆದರು. ಬದುಕಿದೆವು ಅಂದುಕೊಂಡೆ, ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ, ಅರ್ಧ ದಾರಿ ಬಂದಿರಬಹುದು, ಹಿಂದೆ ತಿರುಗಿ ನೋಡುತ್ತೇನೆ, ಎಲ್ಲರೂ ಬಟ್ಟೆ ಬಿಚ್ಚುತ್ತಿದ್ದಾರೆ.

ಹಗ್ಗ ಕೈಯಲ್ಲಿದೆ, ಕಾಲಿಗೆ ನೀರು ತಗುಲಿದೆ, ಇನ್ನೇನು ಮಾಡುತ್ತಾರೆ, ನಾನೇ ಕಲಿಸಿದ್ದು, ಹಗ್ಗ ಹಿಡಿ, ಕಾಲಿಗೆ ನೀರು ತಗುಲಿದರೆ ಗೌನು ತೆಗೆ, ಮೂಲೆಯ ಬುಟ್ಟಿಗೆ ಹಾಕು, ಎಷ್ಟು ತಿಂಗಳು ಹಿಡಿಯಿತು ಕಲಿಸಲಿಕ್ಕೆ, ಗಿಣಿ ಒಬ್ಬಳೇ ಮೂರು ಸಲ ಕಚ್ಚಿದ್ದಳು ನನ್ನನ್ನು, ಈಗ ಎಲ್ಲರೂ ಎಷ್ಟು ಚೆನ್ನಾಗಿ, ಎಷ್ಟು ಜಾಣೆಯರ ಹಾಗೆ, ಒಂದು ಕೈಯಲ್ಲಿ ಗಂಟು ಬಿಡದೆ ಇನ್ನೊಂದು ಕೈಯಲ್ಲಿ ಗೌನು ಕಳಚಿ, ಬುಟ್ಟಿ ಇರುವ ಬಚ್ಚಲ ಮೂಲೆಯ ಕಡೆಗೆ ಎಸೆಯುತ್ತಿದ್ದಾರೆ, ಬುಟ್ಟಿ ಎಲ್ಲಿದೆ, ಬುಟ್ಟಿ ತೇಲಿ ಹೋಗಿ ಎಷ್ಟು ಹೊತ್ತಾಯಿತೋ, ಗೌನುಗಳು ನೀರಿನ ಮೇಲೆ ಉಬ್ಬಿ, ಸುತ್ತಿ, ಒಂದೊಂದಾಗಿ ಮುಳುಗುತ್ತಿವೆ, ಬೇಡ, ಬೇಡ್ರೇ, ಇವತ್ತು ಸ್ನಾನ ಅಲ್ಲ — ಕೇಳುವವರಾರು, ಟೀಚರಮ್ಮ ಸಹ ಕನ್ನಡಕ ಬಿಚ್ಚಿ ನನ್ನ ಕೈಗೆ ಕೊಟ್ಟಳು, ಸೋಪು ಎಲ್ಲಿ ಅಂದಳು. ನಗು ಬಂತು, ದೇವರಾಣೆ ನಗು ಬಂತು, ನಗುವಿನ ಹಿಂದೆಯೇ ಅಳು. ಅಂತೂ ಹಗ್ಗ ಹಿಡಿಸಿಕೊಂಡೇ ಮಂಚಗಳ ಮೇಲೆ ಹತ್ತಿಸಿದೆ, ಚಳಿಗೆ ಒದ್ದೆ ಹಕ್ಕಿಗಳ ಹಾಗೆ ಅಂಟಿಕೊಂಡು ಕೂತರು, ಬೆನ್ನುಮೂಳೆಗಳು, ಸೂಜಿ ಚುಚ್ಚಿದ ತೋಳುಗಳು, ಯಾರೋ ಯಾವಾಗಲೋ ಸುಟ್ಟ ಗುರುತುಗಳು, ಹೆತ್ತ ಹೊಟ್ಟೆಗಳು, ಈ ಮೈಗಳನ್ನು ದಿನವೂ ತೊಳೆಯುವವಳು ನಾನು, ನಾನು ನೋಡಿದರೆ ಅದು ನೋಡಿದ ಹಾಗಲ್ಲ, ಆದರೆ ಯಾರಾದರೂ ಬಂದರೆ, ದೋಣಿಯೋ ಲಾರಿಯೋ ಬಂದರೆ, ಇವರನ್ನು ಹೀಗೆಯೇ ಬೀದಿಯ ಮುಂದೆ, ಗುಂಪಿನ ಮುಂದೆ — ಎಲ್ಲರನ್ನೂ ತಂದು ಬಿಟ್ಟು ಹೋದವರು ಇದ್ದಾರೆ ಹೊರಗೆ, ಅಣ್ಣಂದಿರು, ಗಂಡಂದಿರು, ಮಕ್ಕಳು, ಅವರು ನೋಡುತ್ತ ನಿಲ್ಲುತ್ತಾರೆ, ಹುಚ್ಚಿ ಅಂದಿದ್ದೆವಲ್ಲ, ನೋಡಿ, ಹುಚ್ಚಿಯೇ, ಎನ್ನುತ್ತಾರೆ. ಗೌನು ಬೇಕು. ಗೌನುಗಳು ಬಚ್ಚಲ ಮೂಲೆಯ ತಳದಲ್ಲಿವೆ. ಅಲ್ಲಿ ನೀರು ಸೊಂಟ ದಾಟಿದೆ, ಅಲ್ಲೇ ಮೋರಿ ಉಕ್ಕುತ್ತಿದೆ. ಬೇಡ, ಜೀವ ಇದ್ದರೆ ತಾನೇ ಮಾನ, ಎಂದಿತು ಒಂದು ಮನಸ್ಸು, ಅದು ನಾದಿನಿಯ ಧ್ವನಿಯಲ್ಲಿ ಎಂದಿತು, ಅದಕ್ಕೇ ಹೋದೆ.

ಹೋಗುವಾಗ ಗೋಡೆ ಹಿಡಿದು ಜರುಗುತ್ತೇನೆ, ಗೋಡೆಯ ಮೇಲೆ ಜಿರಲೆಗಳು, ಅವು ಕೈಯ ಮೇಲೆ, ತೋಳಿನ ಮೇಲೆ, ಕುತ್ತಿಗೆಯ ಮೇಲೆ, ಕೊಡವುವ ಹಾಗಿಲ್ಲ, ಕೊಡವಿದರೆ ಗೋಡೆ ಬಿಟ್ಟ ಹಾಗೆ, ಪಾಪ ಅವಕ್ಕೂ ನನ್ನ ಹಾಗೆ ಈಜು ಬರುವುದಿಲ್ಲ, ಇಲಿಯೊಂದು ನನ್ನ ಮುಂದೆಯೇ ಮೂತಿ ಎತ್ತಿ ಈಜಿ ಹೋಗುತ್ತದೆ, ಅದು ನನ್ನ ಕಡೆ ನೋಡಿತು, ನೀರು ಹೊಕ್ಕುಳಿಗೆ, ಎದೆಗೆ, ವಾಸನೆ, ಉಸಿರು ಮೇಲಿಂದ ಮೇಲೆ, ಕಾಲಿಗೆ ಏನೋ ಮೆತ್ತಗೆ ತಗುಲಿತು — ಬಟ್ಟೆ, ಬಟ್ಟೆಯೇ ಇರಬೇಕು, ಬಟ್ಟೆಯೇ ಇರಲಿ — ಹೆಬ್ಬೆರಳಿಗೆ ಸಿಕ್ಕಿಸಿ ಎತ್ತಲು ನೋಡಿದೆ, ಬರಲಿಲ್ಲ, ಬಗ್ಗಬೇಕು, ಬಗ್ಗಿದರೆ ಮುಖ ಮುಳುಗುತ್ತದೆ, ಮುಖ ಮುಳುಗಿದರೆ ಹಸಿರು, ಉರಿ, ಅಮ್ಮ ಇಲ್ಲ ಇಲ್ಲಿ, ಜುಟ್ಟು ಹಿಡಿಯುವವರು ಇಲ್ಲ, ಅಕ್ಕಾ ಎಲ್ಲೋದೆ ಎಂದು ಗಿಣಿ ಕೂಗುತ್ತಾಳೆ, ಅಕ್ಕಾ ಎಲ್ಲೋದೆ, ಇಲ್ಲೇ ಇದೀನಿ ಕಣೇ ಎಂದು ಹೇಳಲು ಬಾಯಿ ತೆರೆದೆ, ಆ ತೆರೆದ ಬಾಯಲ್ಲೇ ಬಗ್ಗಿದೆ, ಕಣ್ಣು ಬಿಟ್ಟುಕೊಂಡೇ ಬಗ್ಗಿದೆ, ಏನೂ ಕಾಣಲಿಲ್ಲ, ಕಿವಿಯೊಳಗೆ ನದಿ, ಕೈಗೆ ಬಟ್ಟೆ ಸಿಕ್ಕಿತು, ಇನ್ನೊಂದು, ಎದ್ದೆ, ಕಕ್ಕಿದೆ, ಮತ್ತೆ ಬಗ್ಗಿದೆ, ಎದ್ದೆ, ಎಷ್ಟು ಸಲವೋ, ಹೆದರಿಕೆ ಕಮ್ಮಿಯಾಯಿತೆಂದು ಯಾರಾದರೂ ಅಂದರೆ ಸುಳ್ಳು, ಪ್ರತಿ ಸಲವೂ ಅಷ್ಟೇ ಇತ್ತು, ಕೊನೆಯ ಸಲ ಮೊದಲಿಗಿಂತ ಜಾಸ್ತಿ ಇತ್ತು. ಎಲ್ಲ ಸಿಗಲಿಲ್ಲ, ಸಿಕ್ಕಷ್ಟು ಹೆಗಲಿಗೆ ಹಾಕಿಕೊಂಡು ಬಂದೆ, ಉಳಿದವರಿಗೆ ಕಿಟಕಿಯ ಪರದೆ ಕಿತ್ತೆ, ದಿಂಬಿನ ಚೀಲ ಹರಿದೆ, ಹೊದಿಕೆಗೆ ಹಲ್ಲಿನಿಂದ ತೂತು ಮಾಡಿ ತಲೆ ತೂರಿಸಿದೆ, ಅಜ್ಜಿ ಮೇಲಿಂದ, ನಂಗೂ ಚಳಿ, ಹೂವಿನ ಪರದೇನೇ ಬೇಕು, ಆ ಬಿಳೀದು ಹೆಣಕ್ಕೆ ಹೊದಿಸೋದು, ಅಂದಳು, ಕೊಟ್ಟೆ ಮಾರಾಯ್ತಿ, ತಗೋ.

ಆಗಲೇ ಇಂಜಿನ್ನಿನ ಸದ್ದು. ರಬ್ಬರ್ ದೋಣಿ, ಅಂಗಳದಿಂದ ಪಡಸಾಲೆಗೆ ನುಗ್ಗಿ ಸರಳಿನ ಬಾಗಿಲಿಗೆ ಬಂದು ಗುದ್ದಿತು, ಇಬ್ಬರಿದ್ದಾರೆ, ರೇನ್‌ಕೋಟಿನವನೊಬ್ಬ, ಇಂಜಿನ್ ಹಿಡಿದವನೊಬ್ಬ, ಬಂದರಲ್ಲ, ಬಂದರಲ್ಲ ಎಂದು ಬಾಗಿಲ ಕಡೆ ನಡೆದೆ, ಅಣ್ಣಾ ಇಲ್ಲಿ, ಇಲ್ಲಿ ಅಣ್ಣಾ — ಇಂಜಿನ್ನಿನವನು ಒಳಗೆ ಇಣುಕಿದ, ಇನ್ನೂ ಇಬ್ಬರು ಮೂವರಿಗೆ ನಾನು ಹೊದಿಸಿ ಮುಗಿದಿರಲಿಲ್ಲ, ಅಯ್ಯಯ್ಯೋ ಗುರುವೇ, ಇಲ್ಲಿ ಬೇರೇನೇ ಶೋ ನಡೀತಾ ಇದೆ ಅಂದ, ಜೇಬಿನಿಂದ ಫೋನು ತೆಗೆದು ಎತ್ತಿದ. ಒಳಗಿಡ್ರೀ ಅದನ್ನ. ನನ್ನ ಧ್ವನಿಯೇ ಅದು, ಎಲ್ಲಿತ್ತೋ ಇಷ್ಟು ದಿನ. ಏನಮ್ಮಾ, ಜೀವ ಹೋಗೋ ಹೊತ್ತಲ್ಲಿ ಬಟ್ಟೆಯ ಚಿಂತೆಯಾ ನಿಂಗೆ? ನಿಮಗಿಲ್ವಾ, ಮತ್ತೆ ನೀವ್ಯಾಕೆ ಹಾಕ್ಕೊಂಡು ಬಂದ್ರಿ? ಮೇಲಿಂದ ಅಜ್ಜಿ ಕಿಸಕ್ಕೆಂದಳು. ರೇನ್‌ಕೋಟಿನವನು, ಇಡೋ ಅದನ್ನ ಎಂದು ಗದರಿದ, ಅವನು ಕೆಟ್ಟವನಲ್ಲ, ಅದೇ ನನಗೆ ಈಗ ಕಷ್ಟವಾಗಿರುವುದು, ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು — ಹಾರೆಯಿಂದ ಬೀಗ ಮೀಟಿದ, ಮೈಯೆಲ್ಲ ಭಾರ ಹಾಕಿ ಮೀಟಿದ, ಬೀಗ ಮುರಿಯಿತು, ಬಾಗಿಲು ಒಂದಾಳು ತೂರುವಷ್ಟು ಸರಿಯಿತು, ಅಷ್ಟೇ, ಕೆಳಗೆ ನಾನೇ ತುರುಕಿದ ಕಂಬಳಿಗಳು. ಬನ್ನಿ, ನೀವು ಸ್ಟಾಫ್ ತಾನೆ, ಮೊದ್ಲು ನೀವು ಹತ್ತಿ. ಇಲ್ಲ, ಅಜ್ಜಿ ಮೊದ್ಲು. ಸರಿ, ಅದೇನೋ ಮಾಡಿ, ಆದ್ರೆ ಇದರಲ್ಲಿ ಕೈ ಕಟ್ಟಿ ಕಳಿಸಿ, ಒಬ್ಬೊಬ್ಬರಿಗೂ, ಬಿಗಿಯಾಗಿ, ಎಂದು ಹಸಿರು ಪ್ಲಾಸ್ಟಿಕ್ ದಾರದ ಸುರುಳಿ ಎಸೆದ, ಅದು ನನ್ನ ಎದೆಗೆ ಬಡಿದು ನೀರಿಗೆ ಬಿತ್ತು, ಮುಳುಗಲಿಲ್ಲ.

ಯಾಕೆ? ಯಾಕಂದ್ರೆ ಏನಮ್ಮಾ, ಹುಚ್ಚರು, ದೋಣಿ ಇದು, ಬೆಳಿಗ್ಗೆ ಆಚೆ ಬೀದೀಲಿ ತಲೆ ಸರಿ ಇರೋ ಗಂಡಸೇ ಗಾಬರಿಯಾಗಿ ಎದ್ದು ನಿಂತ, ಮಗುಚಿತು, ನಮ್ಮವನೊಬ್ಬ ಇನ್ನೂ ಸಿಕ್ಕಿಲ್ಲ, ಗೊತ್ತಾ, ಮೇಲಿನವರೂ ಹೇಳಿದಾರೆ, ಹುಚ್ಚಾಸ್ಪತ್ರೆಯವರನ್ನ ಕಟ್ಟದೆ ಹತ್ತಿಸಬಾರದು ಅಂತ. ಅವನ ತುಟಿ ನಡುಗುತ್ತಿತ್ತು, ಚಳಿಯಲ್ಲ, ನನಗೆ ಗೊತ್ತು ಯಾವುದು ಚಳಿ ಯಾವುದು ಅಲ್ಲ. ಕಟ್ಟಿದ್ಮೇಲೆ ಮಗುಚಿದ್ರೆ ಅಣ್ಣಾ? ಮಗುಚಬಾರದು ಅಂತಾನೇ ಕಟ್ಟೋದು. ಮಗುಚಿದ್ರೆ? ಅವನ ಎದೆಯ ಮೇಲೆ ನೀರಿನಲ್ಲಿ ತೇಲಿಸುವ ಕಿತ್ತಳೆ ಬಣ್ಣದ ಗಾಳಿಯ ಅಂಗಿ, ಇಂಜಿನ್ನಿನವನ ಎದೆಯ ಮೇಲೊಂದು, ದೋಣಿಯಲ್ಲಿ ಇನ್ನೊಂದಿದೆ, ಅದು ನನಗಿರಬೇಕು, ಇವರಿಗೆ ದಾರ. ಕಟ್ಟಬೇಡಿ ಅಣ್ಣಾ, ಅವರು ಹಗ್ಗ ಹಿಡ್ಕೋತಾರೆ, ಅವರವರ ಗಂಟು ಹಿಡ್ಕೊಂಡು ಕೂತ್ರೆ ಅಲ್ಲಾಡೋದಿಲ್ಲ, ನಾನು ಮಧ್ಯೆ ಕೂರ್ತೀನಿ. ನೋಡಮ್ಮಾ, ನಂಗೆ ವಾದ ಮಾಡೋಕೆ ಹೊತ್ತಿಲ್ಲ, ಮೇಲೆ ಇನ್ನೊಂದು ಒಡ್ಡು ಒಡೆಯೋ ಹಾಗಿದೆ, ಕಟ್ಟು, ಇಲ್ಲಾಂದ್ರೆ ನೀನೊಬ್ಬಳೇ ಬಾ, ಅದೂ ಬೇಡಾಂದ್ರೆ ನಾವು ಹೊರಟ್ವಿ, ಎಂದ, ಹೊರಡುತ್ತಾನೆ, ಸುಳ್ಳು ಹೇಳುವ ಮುಖವಲ್ಲ, ಹೊರಟರೆ ಹೋಯಿತು, ನೀರು ಕೆಳಗಿನ ಮಂಚ ಮುಚ್ಚಿತು, ಮಗಳು ಚಿಲಕ ಹಾಕದೆ ಕೂತಿದ್ದಾಳೆ, ಒಂದು ಹೆಜ್ಜೆ, ಬಾಗಿಲಿನಿಂದ ತೂರಿ ಒಂದೇ ಹೆಜ್ಜೆ, ಕಟ್ಟಿಬಿಟ್ಟರೆ ಏನಾಯಿತು, ಸಡಿಲವಾಗಿ ಕಟ್ಟಿದರೆ, ಕಟ್ಟಿದ ಹಾಗೆ ಮಾಡಿದರೆ, ಇವರೇನು ಬೇಡ ಅನ್ನುತ್ತಾರೆಯೇ — ಎಂದು ಹಿಂದೆ ತಿರುಗಿದೆ.

ಕೈ ಚಾಚಿದ್ದರು. ಯಾರೂ ಹೇಳಿರಲಿಲ್ಲ. ನೀರಿನ ಮೇಲಿನ ದಾರ ಕಂಡದ್ದೇ ಸಾಕಾಗಿತ್ತು, ಸಾಲಾಗಿ ಕೂತಲ್ಲೇ ಎರಡೂ ಮಣಿಕಟ್ಟು ಜೋಡಿಸಿ ಮುಂದೆ ಚಾಚಿದ್ದರು, ಗಿಣಿ, ಟೀಚರಮ್ಮ, ಹೊದಿಕೆಯ ತೂತಿನಿಂದ ತಲೆ ಹಾಕಿದವರು, ಪರದೆ ಸುತ್ತಿದವರು, ಮೇಲೆ ಹೂವಿನ ಬಟ್ಟೆಯೊಳಗಿಂದ ಅಜ್ಜಿಯ ಕಡ್ಡಿಯಂಥ ಕೈಗಳು ಸಹ, ನಾಡಿ ಬಡಿಯುವ ಜಾಗ ಮೇಲೆ ಮಾಡಿ, ಕಟ್ಟುವವರಿಗೆ ಸುಲಭವಾಗಲೆಂದು, ಬೇಡುವ ಹಾಗಲ್ಲ, ಅಭ್ಯಾಸದ ಹಾಗೆ, ನಾಲಿಗೆ ತೋರಿಸು ಅಂದರೆ ತೋರಿಸುವ ಹಾಗೆ, ಟೀಚರಮ್ಮನಂತೂ ಪಕ್ಕದವಳ ಕೈ ಓರೆಯಾಗಿದೆಯೆಂದು ಮೊಣಕೈಯಿಂದ ತಿವಿದು ಸರಿಮಾಡಿದಳು, ಸಾಲಾಗಿ, ಸಾಲಾಗಿ — ನನ್ನ ಹೆದರಿಕೆ ಎಲ್ಲಿಗೂ ಹೋಗಿಲ್ಲ, ಇಲ್ಲೇ ಇದೆ, ನೀರಿನಡಿ ಇರುವುದರಿಂದ ಅವನಿಗೆ ಕಾಣುತ್ತಿಲ್ಲ ಅಷ್ಟೇ, ಏನಮ್ಮಾ, ಕಟ್ತೀಯೋ ಇಲ್ವೋ, ಇಂಜಿನ್ನಿನವನು ಸದ್ದು ಏರಿಸಿದ, ದೋಣಿಯ ಮೂತಿ ಅತ್ತ ತಿರುಗುತ್ತಿದೆ, ದಾರ ತೇಲಿ ನನ್ನ ಹೊಟ್ಟೆಗೆ ತಾಗುತ್ತದೆ, ತಳ್ಳಿದರೆ ಹೋಗಿ ಮತ್ತೆ ಬರುತ್ತದೆ, ಆ ಕಡೆ ಮಣಿಕಟ್ಟುಗಳು, ನೀರು ಏರಿ ಕೆಳಗೆ ಕೂತವರ ಕೈಗಳನ್ನು ಮುಟ್ಟುತ್ತಿದೆ, ಯಾರೂ ಹಿಂದೆ ತೆಗೆಯುತ್ತಿಲ್ಲ. ಕೇಳಿಸ್ತಾ ನಿಂಗೆ, ಕಟ್ಟು. ಕಟ್ಟಲ್ಲ. ಏನಂದೆ? ಕಟ್ಟಲ್ಲ, ಇವರನ್ನ ಬಿಟ್ಟು ಬರೋದೂ ಇಲ್ಲ, ಹೋಗೋದಾದ್ರೆ ಹೋಗಿ. ಮಣಿಕಟ್ಟುಗಳು, ಒದ್ದೆ, ಜೋಡಿಸಿದವು, ನೀರಿನ ಮೇಲೆ, ಸಾಲಾಗಿ, ಕೈ ಬಿಡಿಸ್ಕೊಳ್ರೇ, ಕೈ ಕೆಳಗಿಳಿಸಿ, ಯಾರೂ ಕಟ್ಟಲ್ಲ ನಿಮ್ಮನ್ನ — ಮಣಿಕಟ್ಟುಗಳು, ನೀರಿನ ಮೇಲೆ — ಕಟ್ಟಲ್ಲ —